ವಿಚಾರಗೋಷ್ಠಿಯ ಪ್ರಬಂಧವೂ ಅದರ ಗಡುವೂ
ಕಾನೂನು ವಿದ್ಯಾಲಯದ ಒಂದು ಗದ್ಯಪ್ರಕಾರದ ಪರಿಶೀಲನೆ

೧

ವಿಮರ್ಶೆಯು ಸಾಮಾನ್ಯವಾಗಿ ಕಾವ್ಯ, ನಾಟಕ, ಕಾದಂಬರಿಗಳನ್ನು ತನ್ನ ವಸ್ತುವನ್ನಾಗಿ ಆರಿಸಿಕೊಳ್ಳುತ್ತದೆ. ವಿದ್ಯಾಲಯಗಳಲ್ಲಿ ಪ್ರತಿ ವರ್ಷವೂ ಸಾವಿರಾರು ಕೈಗಳಿಂದ ರಚಿತವಾಗಿ, ಒಬ್ಬಿಬ್ಬರ ಕಣ್ಣಿಗೆ ಬಿದ್ದು, ಅಂಕಗಳು ದೊರೆತೊಡನೆ ಕಪಾಟು ಸೇರುವ ಒಂದು ಬಗೆಯ ಗದ್ಯದ ಕಡೆಗೆ ಅದು ತಿರುಗಿ ನೋಡುವುದು ವಿರಳ. ವಿಚಾರಗೋಷ್ಠಿಗಾಗಿ, ಎಂದರೆ ಸೆಮಿನಾರಿಗಾಗಿ, ವಿದ್ಯಾರ್ಥಿಯು ಬರೆಯುವ ಪ್ರಬಂಧವೇ ಆ ಗದ್ಯ. ಅದಕ್ಕೆ ತನ್ನದೇ ಆದ ಲಕ್ಷಣಗಳಿವೆ, ತನ್ನದೇ ಆದ ಚರಿತ್ರೆಯಿದೆ. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳನ್ನು ಲಾಕ್ಷಣಿಕರು ವಿಧಿಸಿದಂತೆ ಇದಕ್ಕೂ ಪುಟಗಳ ಪ್ರಮಾಣ, ಅಡಿಟಿಪ್ಪಣಿಗಳ ಕ್ರಮ, ಕರಡಿನ ದಿನ, ಕೊನೆಯ ಗಡುವು ಎಂಬ ವಿಧಿಗಳನ್ನು ಅಧ್ಯಾಪಕರು ಹೇಳಿದ್ದಾರೆ. ಈ ವಿಧಿಗಳು ಎಷ್ಟರಮಟ್ಟಿಗೆ ಸಾಧುವಾದುವು, ಅವು ವಿಚಾರವನ್ನು ಬೆಳೆಸುತ್ತವೆಯೋ ಅಥವಾ ಅದರ ಹೊರ ಆಕಾರವನ್ನು ಮಾತ್ರ ಅಳೆಯುತ್ತವೆಯೋ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಲ್ಲ ಶಾಸ್ತ್ರಗಳ ಗೋಷ್ಠಿಗಳನ್ನೂ ಒಟ್ಟಿಗೆ ಹಿಡಿದರೆ ಮಾತು ಚದರಿಹೋದೀತು. ಆದ್ದರಿಂದ ಈ ಪದ್ಧತಿಯು ಅತ್ಯಂತ ಖಚಿತವಾದ ರೂಪವನ್ನು ಪಡೆದಿರುವ ಅಮೆರಿಕದ ಕಾನೂನು ವಿದ್ಯಾಲಯಗಳನ್ನು ನಾವು ಮುಖ್ಯವಾಗಿ ಆರಿಸಿಕೊಂಡಿದ್ದೇವೆ. ಕಾನೂನನ್ನೇ ಆರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಗಡುವು ಎಂಬುದು ಇತರ ಶಾಸ್ತ್ರಗಳ ವಿದ್ಯಾರ್ಥಿಗೆ ಹೊರಗಿನಿಂದ ಬಂದ ಕಟ್ಟಳೆ. ಕಾನೂನಿನ ವಿದ್ಯಾರ್ಥಿಗಾದರೋ ಅದು ಆತನ ಶಾಸ್ತ್ರದ ಒಂದು ಅಧ್ಯಾಯವೇ ಆಗಿದೆ. ಕಾಲಮಿತಿಯ ತತ್ತ್ವವನ್ನು ಓದುತ್ತಿರುವಾಗಲೇ ಆತನು ಕಾಲಮಿತಿಗೆ ಒಳಪಟ್ಟು ಬರೆಯಬೇಕಾಗಿದೆ.

೨

‘ಸೆಮಿನಾರಿಯಂ’ ಎಂಬ ಲ್ಯಾಟಿನ್ ಶಬ್ದಕ್ಕೆ ಸಸಿಮಡಿ ಎಂದು ಅರ್ಥ. ಬೀಜವನ್ನು ಚೆಲ್ಲಿ, ಮೊಳೆಯಿಸಿ, ಬೇರೆಡೆ ನೆಡಲು ಯೋಗ್ಯವಾಗುವ ತನಕ ಪೈರನ್ನು ಕಾಪಾಡುವ ತಾಣ ಅದು. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಗೆಸ್ನರನು ಹದಿನೆಂಟನೆಯ ಶತಮಾನದ ಮೂವತ್ತರ ದಶಕದ ಕೊನೆಯಲ್ಲಿ ಭಾಷಾಶಾಸ್ತ್ರದ ಸೆಮಿನಾರನ್ನು ಸ್ಥಾಪಿಸಿದಾಗ ಈ ಶಬ್ದಕ್ಕೆ ವಿದ್ಯಾಲಯದ ಅರ್ಥ ಬಲವಾಗಿ ಅಂಟಿಕೊಂಡಿತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ರಾಂಕೆಯು ಬರ್ಲಿನ್ನಿನಲ್ಲಿ ಶಿಷ್ಯರನ್ನು ತನ್ನ ಸುತ್ತ ಕೂರಿಸಿಕೊಂಡು, ಮೂಲ ದಾಖಲೆಗಳನ್ನು ಅವರಿಂದಲೇ ಪರೀಕ್ಷೆ ಮಾಡಿಸಿ, ಅವರ ಬರಹಗಳನ್ನು ಅವರ ಸಹಪಾಠಿಗಳ ಎದುರಿಗೇ ವಿಮರ್ಶಿಸುತ್ತಿದ್ದನು. ೧೮೭೬ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವು ಈ ಪದ್ಧತಿಯನ್ನು ಅಮೆರಿಕದಲ್ಲಿ ನೆಲೆಗೊಳಿಸಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಪ್ರಬಂಧವು ಗೋಷ್ಠಿಯ ಅಂತ್ಯದಲ್ಲಿ ಒಪ್ಪಿಸುವ ಕಪ್ಪಕಾಣಿಕೆಯಾಗಿರಲಿಲ್ಲ. ಅದು ಗೋಷ್ಠಿಯ ನಡುವೆ ಇಟ್ಟು, ಎಲ್ಲರೂ ಕೈಯಾಡಿಸುವ ವಸ್ತುವಾಗಿತ್ತು.

ಕಾನೂನು ವಿದ್ಯಾಲಯಕ್ಕೆ ಈ ಪದ್ಧತಿ ನೇರವಾಗಿ ಬರಲಿಲ್ಲ. ೧೮೭೦ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಮುಖ್ಯಸ್ಥನಾದ ಲ್ಯಾಂಗ್ಡೆಲನು ಮೊಕದ್ದಮೆಗಳ ತೀರ್ಪುಗಳನ್ನೇ ಪಠ್ಯವನ್ನಾಗಿ ಮಾಡಿ, ಪ್ರಶ್ನೋತ್ತರಗಳ ಮೂಲಕ ಪಾಠ ಹೇಳುವ ಕ್ರಮವನ್ನು ಆರಂಭಿಸಿದನು. ಆ ಕ್ರಮದಲ್ಲಿ ವಿದ್ಯಾರ್ಥಿಯ ನಾಲಗೆಗೆ ಸಾಣೆ ಸಿಕ್ಕಿತು. ಲೇಖನಿಗೆ ವರ್ಷಾಂತ್ಯದ ಪರೀಕ್ಷೆಯೊಂದೇ ಗತಿಯಾಯಿತು. ದೀರ್ಘವಾದ ಬರವಣಿಗೆಯ ಅಭ್ಯಾಸವು ತರಗತಿಯ ಹೊರಗಡೆ, ವಿದ್ಯಾರ್ಥಿಗಳೇ ೧೮೮೭ರಲ್ಲಿ ಆರಂಭಿಸಿದ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಬೆಳೆಯಿತು. ಆದರೆ ಅದು ಕೆಲವೇ ಮಂದಿ ಆಯ್ದ ವಿದ್ಯಾರ್ಥಿಗಳ ಪಾಲಿನ ಭಾಗ್ಯವಾಗಿತ್ತು. ಉಳಿದವರಿಗೂ ಅದು ದೊರೆಯಬೇಕೆಂಬ ನ್ಯಾಯಬುದ್ಧಿಯೇ ಇಂದಿನ ಬರವಣಿಗೆಯ ನಿಯಮಗಳ ಮೂಲದಲ್ಲಿದೆ ಎಂದು ನಾವು ತಿಳಿಯುತ್ತೇವೆ.

ಅಮೆರಿಕದ ವಕೀಲರ ಸಂಘವು ಕಾನೂನು ಶಾಲೆಗಳಿಗೆ ಮಾನ್ಯತೆ ಕೊಡಲು ರೂಪಿಸಿರುವ ನಿಯಮಗಳಲ್ಲಿ ೩೦೩ನೆಯದು, ಮೊದಲನೆಯ ವರ್ಷದಲ್ಲಿ ಒಂದು, ಆಮೇಲೆ ಕಡೆಯಪಕ್ಷ ಇನ್ನೊಂದು, ಹೀಗೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ನಡೆಯುವ ಎರಡು ಬರವಣಿಗೆಯ ಅನುಭವಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪಡೆಯಬೇಕೆಂದು ವಿಧಿಸುತ್ತದೆ. ಆ ಅನುಭವವು ಸಾಕಷ್ಟು ಗಟ್ಟಿಯಾದುದೇ ಎಂಬುದನ್ನು ನಿರ್ಣಯಿಸುವಾಗ ಬರಹಗಳ ಸಂಖ್ಯೆ ಮತ್ತು ಸ್ವರೂಪ, ಕರಡುಗಳ ಸಂಖ್ಯೆ, ಬೆಲೆ ಕಟ್ಟುವ ಕ್ರಮ ಇವುಗಳನ್ನು ನೋಡಬೇಕೆಂದು ಅದರ ವಿವರಣೆ ಹೇಳುತ್ತದೆ. ಪುಟಗಳ ಸಂಖ್ಯೆ ಈ ಪಟ್ಟಿಯಲ್ಲಿ ಇಲ್ಲವೆಂಬುದು ಸ್ವಾರಸ್ಯಕರವಾದ ಸಂಗತಿ. ಆದರೆ ಶಾಲೆಗಳು ತಮ್ಮ ತಮ್ಮ ವಿದ್ಯಾರ್ಥಿಗಳಿಗೆ ಹಂಚುವ ಸೂಚನಾಪತ್ರಗಳಲ್ಲಿ ಮೊದಲು ಕಾಣುವುದು ಸಾಮಾನ್ಯವಾಗಿ ಅದೇ: ಪ್ರಬಂಧವು ಇಪ್ಪತ್ತೈದು ಅಥವಾ ಮೂವತ್ತು ಪುಟಗಳಿಗೆ ಕಡಮೆಯಿರಕೂಡದು. ಆಮೇಲೆ ದಿನಾಂಕಗಳು ಬರುತ್ತವೆ. ಅವಧಿಯ ಮೊದಲ ಕೆಲವು ವಾರಗಳಲ್ಲಿ ವಿಷಯಕ್ಕೆ ಒಪ್ಪಿಗೆ ಪಡೆಯಬೇಕು, ಬಳಿಕ ರೂಪರೇಖೆ, ನಡು ಅವಧಿಯ ಸುಮಾರಿಗೆ ಕರಡು, ಪರೀಕ್ಷೆಗಳ ಕಾಲಕ್ಕೆ ಶುದ್ಧಪ್ರತಿ.

೩

ಮೊದಲು ಪ್ರಮಾಣದ ವಿಚಾರ. ನ್ಯಾಯಾಲಯವೂ ಬರವಣಿಗೆಗೆ ಪ್ರಮಾಣವನ್ನು ವಿಧಿಸುತ್ತದೆ, ವಿದ್ಯಾಲಯವೂ ವಿಧಿಸುತ್ತದೆ; ಆದರೆ ಇವೆರಡೂ ಪರಸ್ಪರ ವಿರುದ್ಧ ದಿಕ್ಕಿನವು. ಅಮೆರಿಕದ ಫೆಡರಲ್ ಅಪೀಲು ನ್ಯಾಯಾಲಯಗಳ ನಿಯಮಗಳು ಮುಖ್ಯ ವಾದಪತ್ರಕ್ಕೆ ೧೪,೦೦೦ ಪದಗಳ ಮಿತಿಯನ್ನು ಹಾಕಿದ್ದುವು; ೨೦೧೬ರಲ್ಲಿ ಅದನ್ನು ೧೩,೦೦೦ಕ್ಕೆ ಇಳಿಸಿದುವು. ‘ಇದಕ್ಕಿಂತ ಹೆಚ್ಚು ಬೇಡ’ ಎಂಬುದು ನ್ಯಾಯಾಧೀಶನ ಮಾತು; ‘ಇದಕ್ಕಿಂತ ಕಡಮೆ ಬೇಡ’ ಎಂಬುದು ಅಧ್ಯಾಪಕನ ಮಾತು. ವೃತ್ತಿಯಲ್ಲಿ ದೋಷವೆನಿಸುವ ವಿಸ್ತಾರವು ಶಿಕ್ಷಣದಲ್ಲಿ ಗುಣವೆನಿಸಿದರೆ, ಶಿಕ್ಷಣವು ವೃತ್ತಿಗೆ ಸಿದ್ಧತೆಯೆಂದು ಹೇಳುವುದು ಹೇಗೆ?

ಇದಕ್ಕೊಂದು ಸಮಾಧಾನವನ್ನು ಹೇಳಬಹುದು. ಕನಿಷ್ಠ ಪ್ರಮಾಣವು ವಿಸ್ತಾರದ ಮೇಲಿನ ಮೋಹದಿಂದ ಹುಟ್ಟಿದ್ದಲ್ಲ. ಐದು ಪುಟಗಳಲ್ಲಿ ಮುಗಿಯುವ ಪ್ರಶ್ನೆಗೂ ಮೂವತ್ತು ಪುಟಗಳನ್ನು ಬೇಡುವ ಪ್ರಶ್ನೆಗೂ ಜಾತಿಯಲ್ಲೇ ಭೇದವಿದೆ. ಎರಡನೆಯ ಜಾತಿಯ ಪ್ರಶ್ನೆಯನ್ನು ವಿದ್ಯಾರ್ಥಿಯು ಒಮ್ಮೆಯಾದರೂ ಕೈಗೆತ್ತಿಕೊಳ್ಳಲೆಂಬುದು ಅದರ ತಾತ್ಪರ್ಯ. ಈ ಸಮಾಧಾನದಲ್ಲಿ ಹುರುಳಿದೆ. ಸ್ಯಾಮ್ಯುಅಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ೧೮೯೦ರ ಡಿಸೆಂಬರಿನಲ್ಲಿ ಪ್ರಕಟಿಸಿದ ಖಾಸಗಿತನದ ಹಕ್ಕನ್ನು ಕುರಿತ ಲೇಖನವು ಹಾರ್ವರ್ಡ್ ಲಾ ರಿವ್ಯೂವಿನ ೧೯೩ನೆಯ ಪುಟದಿಂದ ೨೨೦ನೆಯ ಪುಟದವರೆಗೆ, ಎಂದರೆ ೨೮ ಪುಟಗಳಲ್ಲಿ ಹರಡಿದೆ. ಹೋಮ್ಸ್ ಮಹಾಶಯನು ೧೮೯೭ರಲ್ಲಿ ಕಾನೂನಿನ ಮಾರ್ಗವನ್ನು ಕುರಿತು ಮಾಡಿದ ಉಪನ್ಯಾಸವು ಅದೇ ಪತ್ರಿಕೆಯಲ್ಲಿ ೨೨ ಪುಟಗಳು. ಲಾನ್ ಫುಲ್ಲರನು ೧೯೪೯ರಲ್ಲಿ ಬರೆದ ಗುಹಾನ್ವೇಷಕರ ಕಲ್ಪಿತ ಮೊಕದ್ದಮೆಯು ೩೦ ಪುಟಗಳು. ಕಾನೂನಿನ ಚಿಂತನೆಯನ್ನು ತಿರುಗಿಸಿದ ಈ ಮೂರು ಬರಹಗಳೂ ವಿದ್ಯಾರ್ಥಿಗೆ ವಿಧಿಸಿರುವ ಅಳತೆಯ ಆಸುಪಾಸಿನಲ್ಲಿಯೇ ಇವೆ. ಇವುಗಳಲ್ಲಿ ಮೊದಲನೆಯದಕ್ಕೆ ನಮ್ಮ ನಾಡಿನೊಡನೆಯೂ ಸಂಬಂಧವುಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ೨೦೧೭ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಮಾನಿಸಿದಾಗ, ೧೮೯೦ರ ಆ ಲೇಖನವನ್ನು ಸ್ಮರಿಸಿತು. ೨೮ ಪುಟಗಳ ಒಂದು ಬರಹ ನೂರಿಪ್ಪತ್ತೇಳು ವರ್ಷಗಳ ತರುವಾಯ ಇನ್ನೊಂದು ಖಂಡದಲ್ಲಿ ಫಲ ಕೊಟ್ಟಿತು.

ಆದರೆ ಈ ಉದಾಹರಣೆಗಳಿಂದ ವಿಪರೀತವಾದ ಅನುಮಾನವನ್ನು ಮಾಡಲಾಗದು. ಆ ಬರಹಗಳು ೨೮ ಅಥವಾ ೩೦ ಪುಟಗಳಾದುದು ವಿಷಯವು ಅಷ್ಟನ್ನು ಬೇಡಿದುದರಿಂದ. ಅಷ್ಟು ಪುಟಗಳಾದುದರಿಂದ ಅವು ಮಹತ್ತಾಗಲಿಲ್ಲ. ಬ್ರಾಂಡೈಸನೇ ೧೯೦೮ರ ಮುಲ್ಲರ್ ಮೊಕದ್ದಮೆಯಲ್ಲಿ ಸಲ್ಲಿಸಿದ ಪ್ರಸಿದ್ಧವಾದ ವಾದಪತ್ರವು ನೂರು ಪುಟಗಳನ್ನು ಮೀರಿತ್ತು. ಅದರಲ್ಲಿ ಕಾನೂನಿನ ವಾದಕ್ಕೆ ಮೀಸಲಾದುವು ಎರಡೇ ಪುಟಗಳು. ಉಳಿದುದೆಲ್ಲ ದೀರ್ಘಕಾಲದ ದುಡಿಮೆಯಿಂದ ಹೆಂಗಸರ ಆರೋಗ್ಯಕ್ಕೆ ಆಗುವ ಹಾನಿಯನ್ನು ಕುರಿತ ವರದಿಗಳ ಸಂಗ್ರಹ. ವಾದಕ್ಕೆ ಎರಡು ಪುಟ ಸಾಕೆಂದೂ ಸಾಕ್ಷ್ಯಕ್ಕೆ ನೂರು ಬೇಕೆಂದೂ ತಿಳಿದವನಿಗೆ ಮಾತ್ರ ಪ್ರಮಾಣದ ಪ್ರಜ್ಞೆಯಿದೆ ಎನ್ನಬಹುದು. ಪುಟಗಳನ್ನು ಎಣಿಸುವ ವಿಧಿಯು ಕಲಿಸದೆ ಬಿಡುವುದು ಇದೇ ಪ್ರಜ್ಞೆಯನ್ನು.

ಎಣಿಕೆಯ ಈ ಹಂಬಲವು ಅಡಿಟಿಪ್ಪಣಿಗಳಲ್ಲಿ ತನ್ನ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಆಧಾರಗಳನ್ನು ನಮೂದಿಸುವ ಕ್ರಮವನ್ನು ತಿಳಿಸಲು ‘ಬ್ಲೂಬುಕ್’ ಎಂಬ ಕೈಪಿಡಿಯು ೧೯೨೬ರಲ್ಲಿ ಮೊದಲು ಅಚ್ಚಾದಾಗ ಅದರಲ್ಲಿದ್ದುದು ೨೬ ಪುಟಗಳು. ಮುಂದೆ ಕೆಲವು ಆವೃತ್ತಿಗಳಲ್ಲಿ ಅದು ಐನೂರು ಪುಟಗಳನ್ನು ಮೀರಿತು. ಯೇಲ್ ವಿಶ್ವವಿದ್ಯಾನಿಲಯದ ಫ್ರೆಡ್ ರೋಡೆಲನು ೧೯೩೬ರಷ್ಟು ಹಿಂದೆಯೇ ಕಾನೂನು ಪತ್ರಿಕೆಗಳಿಗೆ ವಿದಾಯ ಹೇಳುವ ಲೇಖನವೊಂದನ್ನು ಬರೆದು, ಅವುಗಳ ಶೈಲಿ ಮತ್ತು ಸತ್ತ್ವ ಎರಡನ್ನೂ ಹಳಿದನು. ಆ ಟೀಕೆಯಲ್ಲಿ ವ್ಯಂಗ್ಯದ ಅತಿರೇಕವಿದೆ. ಕಾನೂನಿನಲ್ಲಿ ಆಧಾರವಿಲ್ಲದ ವಾಕ್ಯಕ್ಕೆ ಬೆಲೆಯಿಲ್ಲದಿರುವುದರಿಂದ ಟಿಪ್ಪಣಿಯು ಅಲಂಕಾರವಾಗಿರದೆ ಸಾಕ್ಷಿಯಾಗಿರುತ್ತದೆ. ಆದರೆ ಹೇಳಿಕೆಗಿಂತ ಸಾಕ್ಷಿಗಳೇ ಹೆಚ್ಚಾದ ಮೊಕದ್ದಮೆಯಲ್ಲಿ ಫಿರ್ಯಾದಿಯ ಅಳಲೇನೆಂಬುದು ಮರೆತುಹೋಗುವುದುಂಟು.

೪

ಫಿರ್ಯಾದಿಯ ಅಳಲಿನ ಮಾತು ಬಂದುದರಿಂದ ನಮ್ಮಲ್ಲಿಯೇ ಹುಟ್ಟಿದ ಒಂದು ಶಾಸ್ತ್ರಗ್ರಂಥದ ಕಡೆಗೆ ತಿರುಗುವುದು ಅನುಚಿತವಾಗಲಾರದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ ವಿಚಾರದಲ್ಲಿ ಪ್ರಸಿದ್ಧವಾಗಿದೆ. ಆದರೆ ಅದರ ವ್ಯವಹಾರಾಧ್ಯಾಯದ ಆರಂಭದಲ್ಲಿರುವ ಬರವಣಿಗೆಯ ವಿಚಾರವು ಅಷ್ಟಾಗಿ ಚರ್ಚಿತವಾಗಿಲ್ಲ. ‘ಮಿತವಾದ ಅಕ್ಷರಗಳುಳ್ಳದ್ದು’ ಎಂಬ ಹೆಸರೇ ಪ್ರಮಾಣದ ಬಗೆಗಿನ ಆ ವಿದ್ವಾಂಸನ ನಿಲುವನ್ನು ಸಾರುತ್ತದೆ.

ವಾದಿಯ ಹೇಳಿಕೆಯನ್ನು ಪ್ರತಿವಾದಿಯ ಎದುರಿನಲ್ಲಿ, ವರ್ಷ, ಮಾಸ, ಪಕ್ಷ, ದಿನ, ಹೆಸರು ಮುಂತಾದುವುಗಳೊಡನೆ ಬರೆಯಿಸಬೇಕೆಂದು ಸ್ಮೃತಿಯು ವಿಧಿಸುತ್ತದೆ. ಅದನ್ನು ವಿವರಿಸುತ್ತ ವ್ಯಾಖ್ಯಾನಕಾರನು, ಸ್ವೀಕಾರಕ್ಕೆ ಯೋಗ್ಯವಲ್ಲದ ‘ಪಕ್ಷಾಭಾಸ’ಗಳನ್ನು ಎಣಿಸುತ್ತಾನೆ. ಅಪ್ರಸಿದ್ಧ, ನಿರಾಬಾಧ, ನಿರರ್ಥ, ನಿಷ್ಪ್ರಯೋಜನ, ಅಸಾಧ್ಯ, ವಿರುದ್ಧ ಎಂದು ಅವು ಆರು. ಇವನ್ನು ವಿಚಾರಗೋಷ್ಠಿಯ ವಿಷಯಗಳಿಗೆ ಅನ್ವಯಿಸಿದರೆ ಅಧ್ಯಾಪಕನಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯಲಾರದು. ಲೋಕದಲ್ಲಿ ಎಲ್ಲಿಯೂ ಇಲ್ಲದ ಸಮಸ್ಯೆಯನ್ನು ಕಲ್ಪಿಸಿಕೊಂಡರೆ ಪ್ರಬಂಧವು ಅಪ್ರಸಿದ್ಧ. ಯಾರಿಗೂ ಬಾಧೆಯಿಲ್ಲದ ವಿಷಯವನ್ನು ಹಿಡಿದರೆ ನಿರಾಬಾಧ. ಶಬ್ದಗಳು ಕೂಡಿದರೂ ಅರ್ಥ ಕೂಡದಿದ್ದರೆ ನಿರರ್ಥ. ತೀರ್ಮಾನವು ಯಾವ ಕಡೆಗಾದರೂ ಯಾರಿಗೂ ಏನೂ ಆಗದಿದ್ದರೆ ನಿಷ್ಪ್ರಯೋಜನ. ಒಂದು ಅವಧಿಯಲ್ಲಿ ಒಬ್ಬ ವಿದ್ಯಾರ್ಥಿಯಿಂದ ಸಾಧಿಸಲಾಗದುದು ಅಸಾಧ್ಯ. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಹೊಂದದಿದ್ದರೆ ವಿರುದ್ಧ. ಇವುಗಳಲ್ಲಿ ನಿರಾಬಾಧವೇ ವಿದ್ಯಾರ್ಥಿಯ ಪ್ರಬಂಧಕ್ಕೆ ಸಹಜವಾದ ರೋಗವೆಂದು ನಮಗೆ ತೋರುತ್ತದೆ. ‘ಅಮುಕ ಕಾಯಿದೆ: ಒಂದು ಅಧ್ಯಯನ’ ಎಂಬಂಥ ತಲೆಬರಹದ ಕೆಳಗೆ ಎಷ್ಟು ಪುಟಗಳನ್ನಾದರೂ ತುಂಬಬಹುದು, ಅಲ್ಲಿ ನೊಂದವರು ಯಾರೂ ಇರುವುದಿಲ್ಲ.

ಇನ್ನು ಕರಡಿನ ವಿಚಾರ. ನ್ಯಾಯಾಧಿಕಾರಿಯು ವಾದಿಯ ಹೇಳಿಕೆಯನ್ನು ಮೊದಲು ಹಲಗೆಯ ಮೇಲೆ ಪಾಂಡುಲೇಖದಿಂದ, ಎಂದರೆ ಸೀಮೆಸುಣ್ಣದಂಥ ಬಳಪದಿಂದ, ಬರೆಯಿಸಿ, ತಿದ್ದಿದ ಮೇಲೆ ಪತ್ರಕ್ಕೆ ಏರಿಸಬೇಕೆಂಬ ವಿಧಿಯೊಂದು ಕಾತ್ಯಾಯನನ ಹೆಸರಿನಲ್ಲಿ ಧರ್ಮಗ್ರಂಥಗಳಲ್ಲಿ ಉದಾಹೃತವಾಗಿದೆ. ಈ ತಿದ್ದುಪಡಿಗೆ ಒಂದು ಎಲ್ಲೆಯನ್ನೂ ಶಾಸ್ತ್ರವು ಗುರುತಿಸಿದೆ: ಎದುರುಪಕ್ಷದ ಉತ್ತರ ಬರುವವರೆಗೆ ಮಾತ್ರ ಹೇಳಿಕೆಯನ್ನು ಶೋಧಿಸಬಹುದು. ಇಲ್ಲಿ ಎರಡು ತತ್ತ್ವಗಳು ಅಡಗಿವೆ. ಅಳಿಸಲು ಅನುಕೂಲವಾದ ಸಾಧನದಲ್ಲಿ ಮೊದಲು ಬರೆ ಎಂಬುದು ಒಂದು. ತಿದ್ದುವ ಕಾಲವು ಬರೆಯುವವನ ಇಷ್ಟದಿಂದ ಮುಗಿಯುವುದಿಲ್ಲ, ಇನ್ನೊಬ್ಬನು ಅದರ ಮೇಲೆ ನಂಬಿಕೆಯಿಟ್ಟು ಉತ್ತರ ಕೊಡುವ ಗಳಿಗೆಯಲ್ಲಿ ಮುಗಿಯುತ್ತದೆ ಎಂಬುದು ಇನ್ನೊಂದು. ಗಡುವಿನ ತತ್ತ್ವಕ್ಕೆ ಈ ಎರಡನೆಯದೇ ಕೀಲಿಕೈ.

೫

ನ್ಯಾಯಾಲಯದ ಗಡುವು ಎಷ್ಟು ಕಠಿನವಾಗಬಲ್ಲದೆಂಬುದಕ್ಕೆ ಅಮೆರಿಕದ ಎರಡು ಮೊಕದ್ದಮೆಗಳು ಸಾಕ್ಷಿ. ವರ್ಜೀನಿಯಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ರೋಜರ್ ಕೋಲ್‌ಮನ್ ಎಂಬುವನ ವಕೀಲರು ಅಪೀಲಿನ ತಿಳಿವಳಿಕೆಯನ್ನು ಮೂರು ದಿನ ತಡವಾಗಿ ಸಲ್ಲಿಸಿದರು. ಆ ತಡವು ಕಕ್ಷಿಗಾರನ ತಲೆಯ ಮೇಲೆಯೇ ಬೀಳಬೇಕೆಂದು ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿ, ಆತನ ಆಕ್ಷೇಪಣೆಗಳ ಗುಣದೋಷವನ್ನು ವಿಚಾರಿಸಲು ನಿರಾಕರಿಸಿತು. ೧೯೯೨ರ ಮೇ ತಿಂಗಳಲ್ಲಿ ಆತನಿಗೆ ಮರಣದಂಡನೆಯಾಯಿತು. ೨೦೦೬ರಲ್ಲಿ ನಡೆದ ವೈಜ್ಞಾನಿಕ ಪರೀಕ್ಷೆಯು ಆತನೇ ಅಪರಾಧಿಯೆಂಬುದನ್ನು ಸಮರ್ಥಿಸಿತೆಂಬುದು ನಿಜ. ಆದರೆ ೧೯೯೧ರಲ್ಲಿ ನ್ಯಾಯಾಲಯದ ಬಾಗಿಲು ಮುಚ್ಚಿದುದು ಆ ಪರೀಕ್ಷೆಯ ಬಲದಿಂದಲ್ಲ, ಪಂಚಾಂಗದ ಬಲದಿಂದ. ಎರಡನೆಯದು ೨೦೦೭ರ ಬೌಲ್ಸ್ ಮೊಕದ್ದಮೆ. ಅಲ್ಲಿ ನಿಯಮವು ಕೊಡುವುದು ಹದಿನಾಲ್ಕು ದಿನ. ಕೆಳಗಿನ ನ್ಯಾಯಾಧೀಶನು ಕಣ್ತಪ್ಪಿನಿಂದ ಹದಿನೇಳು ದಿನಗಳನ್ನು ಕೊಟ್ಟನು. ನ್ಯಾಯಾಧೀಶನ ಮಾತನ್ನು ನಂಬಿ, ಆತನು ಹೇಳಿದ ದಿನದೊಳಗೆ ಅಪೀಲು ಸಲ್ಲಿಸಿದವನಿಗೆ, ನಿಯಮದ ಗಡುವು ಮೀರಿತೆಂಬ ಕಾರಣದಿಂದ ಬಾಗಿಲು ಮುಚ್ಚಿತು. ಒಂಬತ್ತು ಮಂದಿಯಲ್ಲಿ ನಾಲ್ವರು ಇದು ನ್ಯಾಯವಲ್ಲವೆಂದು ಭಿನ್ನಮತವನ್ನು ಬರೆದರು.

ನಮ್ಮ ದೇಶದ ೧೯೬೩ರ ಕಾಲಮಿತಿ ಕಾಯಿದೆಯು ಇಷ್ಟು ಒರಟಲ್ಲ. ಅದರ ೩ನೆಯ ಕಲಮಿನ ಮೇರೆಗೆ, ಎದುರುಪಕ್ಷವು ಆಕ್ಷೇಪಿಸದಿದ್ದರೂ, ಅವಧಿ ಮೀರಿ ಬಂದ ದಾವೆಯನ್ನು ನ್ಯಾಯಾಲಯವು ವಜಾ ಮಾಡಲೇಬೇಕು. ಆದರೆ ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಬಹುದೆಂದು ೪ನೆಯ ಕಲಮು ಹೇಳುತ್ತದೆ. ಅಪೀಲು, ಅರ್ಜಿಗಳಲ್ಲಿ ಸಾಕಷ್ಟು ಕಾರಣವನ್ನು ತೋರಿಸಿದರೆ ತಡವನ್ನು ಮನ್ನಿಸಬಹುದೆಂದು ೫ನೆಯ ಕಲಮು ಹೇಳುತ್ತದೆ. ೧೯೮೭ರ ಕಾತಿಜಿ ಮೊಕದ್ದಮೆಯಲ್ಲಿ ಸರ್ಕಾರದ ಅಪೀಲು ನಾಲ್ಕು ದಿನ ತಡವಾಗಿತ್ತು. ಪ್ರತಿ ದಿನದ ತಡಕ್ಕೂ ವಿವರಣೆ ಬೇಕೆಂಬ ಸೂತ್ರವನ್ನು ಅಕ್ಷರಶಃ ಹಿಡಿದು ನ್ಯಾಯವನ್ನು ಕೊಲ್ಲಬಾರದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿ ಅದನ್ನು ಮನ್ನಿಸಿತು. ೨೦೧೨ರಲ್ಲಿ ಅಂಚೆ ಇಲಾಖೆಯ ಅಪೀಲು ೪೨೭ ದಿನ ತಡವಾಗಿ ಬಂದಾಗ ಅದೇ ನ್ಯಾಯಾಲಯವು ಮನ್ನಿಸಲಿಲ್ಲ. ಕಡತಗಳು ನಿಧಾನವಾಗಿ ಚಲಿಸುತ್ತವೆಂಬ ಸಬೂಬು ಸಾಲದೆಂದಿತು. ಯಾಜ್ಞವಲ್ಕ್ಯನಲ್ಲಿಯೂ ಈ ತಾರತಮ್ಯವಿದೆ. ಸಾಹಸ, ಕಳವು, ಪಾರುಷ್ಯ ಮೊದಲಾದ ತುರ್ತು ಸಂಗತಿಗಳಲ್ಲಿ ಉತ್ತರವನ್ನು ಒಡನೆಯೇ ಕೊಡಿಸಬೇಕು. ಉಳಿದೆಡೆ ಕಾಲಾವಕಾಶವನ್ನು ಕೊಡಬಹುದು.

ಈ ಉದಾಹರಣೆಗಳಿಂದ ಹೊರಡುವ ಸಿದ್ಧಾಂತ ಇಷ್ಟು. ಗಡುವು ಸ್ವತಃ ಪವಿತ್ರವಾದುದಲ್ಲ. ಅದು ಯಾರನ್ನೋ ಕಾಪಾಡಲು ಇದೆ. ನ್ಯಾಯಾಲಯದಲ್ಲಿ ಅದು ಎದುರುಪಕ್ಷವನ್ನು ಕಾಪಾಡುತ್ತದೆ: ಗೆದ್ದವನು ಎಂದಾದರೊಂದು ದಿನ ನಿಶ್ಚಿಂತನಾಗಿ ಮಲಗಬೇಕು. ಹಾಗಾದರೆ ವಿಚಾರಗೋಷ್ಠಿಯಲ್ಲಿ ಎದುರುಪಕ್ಷ ಯಾರು?

ಕರಡಿನ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ. ಅದನ್ನು ಓದಿ ತಿದ್ದುವ ಅಧ್ಯಾಪಕ, ಅದನ್ನು ಓದಿಕೊಂಡು ಬಂದು ಚರ್ಚಿಸಬೇಕಾದ ಸಹಪಾಠಿಗಳು ಇವರೇ ಎದುರುಪಕ್ಷ. ಕರಡು ಒಂದು ವಾರ ತಡವಾದರೆ ಗೋಷ್ಠಿಯ ಒಂದು ದಿನ ಬರಿದಾಗುತ್ತದೆ. ಹತ್ತು ಮಂದಿಯ ಕರಡುಗಳು ಕೊನೆಯ ವಾರದಲ್ಲಿ ಒಟ್ಟಿಗೆ ಬಂದು ಬಿದ್ದರೆ ಯಾವುದಕ್ಕೂ ಅಧ್ಯಾಪಕನ ಪೂರ್ಣಮನಸ್ಸು ದೊರೆಯುವುದಿಲ್ಲ. ಶುದ್ಧಪ್ರತಿಯ ವಿಷಯದಲ್ಲಾದರೋ ಗೋಷ್ಠಿಯು ಆಗಲೇ ಮುಗಿದಿರುತ್ತದೆ. ಅಲ್ಲಿ ತಡದಿಂದ ತೊಂದರೆಗೆ ಒಳಗಾಗುವುದು ಹೆಚ್ಚಾಗಿ ಅಂಕಗಳನ್ನು ದಾಖಲಿಸುವ ಕಚೇರಿ. ಹೀಗಿರಲಾಗಿ ಕರಡಿನ ಗಡುವು ಕಟ್ಟುನಿಟ್ಟಾಗಿಯೂ ಶುದ್ಧಪ್ರತಿಯ ಗಡುವು ಸಾಕಷ್ಟು ಕಾರಣಕ್ಕೆ ಮಣಿಯುವುದಾಗಿಯೂ ಇರುವುದು ನ್ಯಾಯ. ರೂಢಿಯು ಇದಕ್ಕೆ ತೀರ ವಿರುದ್ಧವಾಗಿ ನಡೆಯುತ್ತದೆ. ಶುದ್ಧಪ್ರತಿಯು ಗಂಟೆ ಮೀರಿದರೆ ಅಂಕಗಳನ್ನು ಕಳೆಯುವ ವಿಧಿಗಳನ್ನು ಸೂಚನಾಪತ್ರವು ಸವಿಸ್ತಾರವಾಗಿ ಹೇಳುತ್ತದೆ. ಕರಡಿನ ದಿನವನ್ನು ಮಾತ್ರ ಸೌಜನ್ಯಕ್ಕೆಂಬಂತೆ ಸೂಚಿಸಿ ಸುಮ್ಮನಾಗುತ್ತದೆ. ಕಚೇರಿಯ ಅನುಕೂಲವನ್ನು ಕಾಯುವ ಗಡುವಿಗೆ ಹಲ್ಲುಗಳಿವೆ, ವಿಚಾರವನ್ನು ಕಾಯುವ ಗಡುವಿಗೆ ಇಲ್ಲ. ಈ ಗದ್ಯಪ್ರಕಾರವು ಬಡವಾಗಿರುವುದಕ್ಕೆ ವಿದ್ಯಾರ್ಥಿಯ ಸೋಮಾರಿತನಕ್ಕಿಂತ ಈ ವಿಪರ್ಯಾಸವೇ ಹೆಚ್ಚಿನ ಕಾರಣವೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಒಂದು ಆಕ್ಷೇಪಣೆಯನ್ನು ಎತ್ತಬಹುದು. ಶುದ್ಧಪ್ರತಿಯ ಗಡುವು ಸಡಿಲವಾದರೆ, ವೇಳೆಗೆ ಸರಿಯಾಗಿ ಒಪ್ಪಿಸಿದವನಿಗೆ ಅನ್ಯಾಯವಾಗುವುದಿಲ್ಲವೇ? ಆತನಿಗಿಲ್ಲದ ಹದಿನೈದು ದಿನಗಳು ಇನ್ನೊಬ್ಬನಿಗೆ ದೊರೆತಂತಾಗುವುದಿಲ್ಲವೇ? ಆಕ್ಷೇಪಣೆ ಬಲವಾದುದು. ಆದರೆ ಸಹಪಾಠಿಯನ್ನು ಅದು ಓಟದ ಪಂದ್ಯದ ಎದುರಾಳಿಯೆಂದು ಭಾವಿಸುತ್ತದೆ. ಕರಡು ಸಕಾಲದಲ್ಲಿ ಬಂದು, ಅದರ ಮೇಲೆ ಚರ್ಚೆಯಾಗಿದ್ದರೆ, ತಡವಾಗಿ ಬಂದ ಪ್ರತಿಯು ಆ ಚರ್ಚೆಗೆ ಎಷ್ಟರಮಟ್ಟಿಗೆ ಉತ್ತರ ಕೊಟ್ಟಿದೆಯೆಂಬುದನ್ನು ಅಳೆಯಬಹುದು. ಹೆಚ್ಚಿನ ದಿನಗಳು ಹೆಚ್ಚಿನ ಹೊಣೆಯನ್ನೂ ತರುತ್ತವೆ. ಕಾರಣವನ್ನು ಬರೆದು ಕೊಡಬೇಕು, ಅದನ್ನು ಅಧ್ಯಾಪಕನು ತೂಗಿ ನೋಡಬೇಕು. ೫ನೆಯ ಕಲಮಿನ ಅರ್ಜಿಯೂ ಕಾನೂನು ವಿದ್ಯಾರ್ಥಿಗೆ ಒಂದು ಬರವಣಿಗೆಯ ಅಭ್ಯಾಸವೇ ಅಲ್ಲವೇ?

೬

ಈ ಚರ್ಚೆಯು ನಮ್ಮ ನಾಡಿನ ಕಾಲೇಜುಗಳಿಗೆ ಹೊರತಾದುದಲ್ಲ. ೧೯೮೬ರ ಕಾಯಿದೆಯಿಂದ ಸ್ಥಾಪಿತವಾಗಿ, ಎನ್. ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ೧೯೮೮ರಲ್ಲಿ ಪಾಠಗಳನ್ನು ಆರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಸಂಶೋಧನ ಪ್ರಬಂಧವನ್ನು ಬೋಧನೆಯ ನಿತ್ಯದ ಅಂಗವನ್ನಾಗಿ ಮಾಡಿತು. ಉಳಿದ ಕಾಲೇಜುಗಳಲ್ಲಿ ಬರವಣಿಗೆಗೆ ದೊರೆತಿರುವ ಸ್ಥಾನ ಕಿರಿದು. ಭಾರತದ ವಕೀಲರ ಪರಿಷತ್ತು ೨೦೦೮ರಲ್ಲಿ ರೂಪಿಸಿದ ನಿಯಮಗಳಲ್ಲಿ ಅಣಕು ನ್ಯಾಯಾಲಯದ ಅಭ್ಯಾಸಕ್ಕೆ ಮೂವತ್ತು ಅಂಕಗಳಿವೆ: ಮೂರು ಮೊಕದ್ದಮೆಗಳು, ಪ್ರತಿಯೊಂದರಲ್ಲಿಯೂ ಬರೆದ ವಾದಕ್ಕೆ ಐದು, ಆಡಿದ ವಾದಕ್ಕೆ ಐದು. ನಾಲಗೆಗೂ ಲೇಖನಿಗೂ ಸಮಪಾಲು ಕೊಟ್ಟಿರುವುದು ಮೆಚ್ಚತಕ್ಕದ್ದೇ. ಆದರೆ ಐದು ಅಂಕಗಳ ಬರಹವನ್ನು ಎರಡು ಬಾರಿ ತಿದ್ದುವ ತಾಳ್ಮೆಯನ್ನು ವಿದ್ಯಾರ್ಥಿಯಿಂದಾಗಲಿ ಅಧ್ಯಾಪಕನಿಂದಾಗಲಿ ನಿರೀಕ್ಷಿಸುವುದು ಕಷ್ಟ.

ಭಾಷೆಯ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಸಂವಿಧಾನದ ೩೪೮ನೆಯ ಅನುಚ್ಛೇದದ ಪ್ರಕಾರ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷು. ಕೆಳಗಿನ ನ್ಯಾಯಾಲಯಗಳಲ್ಲಿಯಾದರೋ ಕನ್ನಡಕ್ಕೆ ಅವಕಾಶವಿದೆ, ತಾಲ್ಲೂಕಿನ ಕಕ್ಷಿಗಾರನು ತನ್ನ ಅಳಲನ್ನು ಹೇಳಿಕೊಳ್ಳುವುದೂ ಕನ್ನಡದಲ್ಲಿಯೇ. ೨೦೦೯ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಎಡೆಗೊಟ್ಟಿದೆ. ಉತ್ತರಪತ್ರಿಕೆಯು ಮೂರು ಗಂಟೆಗಳ ಗದ್ಯ. ಅದರಿಂದ ಶಾಸ್ತ್ರದ ಭಾಷೆ ಬೆಳೆಯಲಾರದು. ತಿದ್ದಿ, ಅಳಿಸಿ, ಸಹಪಾಠಿಗಳ ಪ್ರಶ್ನೆಗಳಿಗೆ ಉತ್ತರ ಹೇಳಿ, ಮತ್ತೆ ಬರೆಯುವ ಪ್ರಬಂಧದಿಂದ ಮಾತ್ರ ಅದು ಬೆಳೆಯುತ್ತದೆ. ಕನ್ನಡದಲ್ಲಿ ಕಾನೂನಿನ ಗದ್ಯ ಬೇಕೆನ್ನುವವರು ಪಾರಿಭಾಷಿಕ ಶಬ್ದಕೋಶಗಳನ್ನು ಕಾಯುತ್ತ ಕುಳಿತುಕೊಳ್ಳುವುದಕ್ಕಿಂತ ವರ್ಷಕ್ಕೆ ಹತ್ತು ಕನ್ನಡ ಪ್ರಬಂಧಗಳನ್ನು ಗೋಷ್ಠಿಯ ನಡುವೆ ಇಡುವುದು ಹೆಚ್ಚು ಫಲಕಾರಿಯಾದೀತು.

ಇನ್ನೊಂದು ಸಂಗತಿಯು ಈ ಪ್ರಶ್ನೆಯನ್ನು ಈಗ ತುರ್ತಾಗಿಸಿದೆ. ಮೂವತ್ತು ಪುಟಗಳ ಗದ್ಯವನ್ನು ಕ್ಷಣಮಾತ್ರದಲ್ಲಿ ನೇಯ್ದು ಕೊಡುವ ಯಂತ್ರಗಳು ಬಂದಿವೆ. ೨೦೨೩ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ವಿಮಾನ ಕಂಪೆನಿಯೊಂದರ ಮೇಲಿನ ಮೊಕದ್ದಮೆಯಲ್ಲಿ ವಕೀಲರು ಸಲ್ಲಿಸಿದ ವಾದಪತ್ರವು ಅಂಥ ಯಂತ್ರವು ಕಲ್ಪಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಆಧಾರವಾಗಿ ಉದಾಹರಿಸಿತ್ತು. ನ್ಯಾಯಾಧೀಶನು ೫,೦೦೦ ಡಾಲರುಗಳ ದಂಡವನ್ನು ವಿಧಿಸಿದನು. ವಿಜ್ಞಾನೇಶ್ವರನ ಪರಿಭಾಷೆಯಲ್ಲಿ ಆ ಆಧಾರಗಳು ‘ಅಪ್ರಸಿದ್ಧ’ವಾಗಿದ್ದುವು ಎನ್ನಬಹುದು. ಪುಟಗಳ ಸಂಖ್ಯೆಯಾಗಲಿ ಟಿಪ್ಪಣಿಗಳ ಸಂಖ್ಯೆಯಾಗಲಿ ಶ್ರಮಕ್ಕೆ ಸಾಕ್ಷಿಯಾಗಿದ್ದ ಕಾಲ ಹೀಗೆ ಮುಗಿದಿದೆ. ವಿದ್ಯಾರ್ಥಿಯ ಶ್ರಮಕ್ಕೆ ಇನ್ನು ಉಳಿದಿರುವ ಸಾಕ್ಷಿಯೆಂದರೆ, ಹತ್ತು ಮಂದಿಯ ಎದುರಿಗೆ ಇಟ್ಟ ಕರಡು ಮತ್ತು ಅವರ ಪ್ರಶ್ನೆಗಳಿಗೆ ತಕ್ಕಂತೆ ಅದು ಪಡೆದ ತಿದ್ದುಪಡಿ.

೭

ಮೇಲಿನ ವಿವೇಚನೆಯಿಂದ ಕೆಲವು ಸಲಹೆಗಳನ್ನು ಅಧ್ಯಾಪಕರ ಪರಿಶೀಲನೆಗೆ ಒಪ್ಪಿಸಬಹುದಾಗಿದೆ. ಪ್ರಮಾಣವನ್ನು ಕನಿಷ್ಠದಿಂದಲ್ಲದೆ ಗರಿಷ್ಠದಿಂದ ಗೊತ್ತುಮಾಡಬೇಕು. ಕಡಮೆ ಬರೆದವನು ತನ್ನ ಪ್ರಶ್ನೆಗೆ ಅಷ್ಟು ಸಾಕೆಂಬುದನ್ನು ಗೋಷ್ಠಿಯಲ್ಲಿ ಸಮರ್ಥಿಸಲಿ. ವಿಷಯಕ್ಕೆ ಒಪ್ಪಿಗೆ ಕೊಡುವ ಮುನ್ನ ಅದರಲ್ಲಿ ಬಾಧೆಗೆ ಒಳಗಾದವರು ಯಾರೆಂದು ಕೇಳಬೇಕು. ಕರಡಿನ ದಿನವನ್ನು ಮೀರಲಾಗದ ದಿನವನ್ನಾಗಿ ಮಾಡಿ, ಅಂಕಗಳಲ್ಲಿ ಗಣನೀಯವಾದ ಭಾಗವನ್ನು ಕರಡಿಗೂ ಅದರ ತಿದ್ದುಪಡಿಗೂ ಮೀಸಲಿಡಬೇಕು. ಶುದ್ಧಪ್ರತಿಯ ದಿನಕ್ಕೆ ೫ನೆಯ ಕಲಮಿನ ಉದಾರತೆಯೂ ೨೦೧೨ರ ತೀರ್ಪಿನ ಎಚ್ಚರವೂ ಇರಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡವಾಗಲಿ ಹೆಚ್ಚಿನ ಅನುದಾನವಾಗಲಿ ಬೇಡ. ಬೇಕಾದುದು ಅಧ್ಯಾಪಕನ ವೇಳೆ. ಅದು ಅಲ್ಪವಾದ ಬೇಡಿಕೆಯಲ್ಲವೆಂಬುದನ್ನು ಅರುವತ್ತು ಮಂದಿಯ ತರಗತಿಗೆ ಪಾಠ ಹೇಳುವವರು ಬಲ್ಲರು. ಅಷ್ಟೂ ಮಂದಿಗೆ ಇದು ಆಗದಿದ್ದರೆ ಹದಿನೈದು ಮಂದಿಯ ಒಂದು ಗೋಷ್ಠಿಯಿಂದಲ್ಲಾದರೂ ಆರಂಭಿಸಬಹುದು. ಸಸಿಮಡಿಯು ಗದ್ದೆಯಷ್ಟು ವಿಶಾಲವಾಗಿರಬೇಕಾದುದಿಲ್ಲ. ಅದಕ್ಕೆ ಬೇಕಾದುದು ಹದವಾದ ನೀರು, ಮತ್ತು ಪೈರನ್ನು ಕೀಳುವ ಹೊತ್ತನ್ನು ಅರಿತ ಕೈ.